ಹತ್ತು ಕ್ವಿಂಟಲ್‌ಗಿಂತ ಕಡಿಮೆ

ಕೋವಿಡ್ ಕಾಲ ಕಳೆದು ಮೂರನೆಯ ವರ್ಷ. ಗದಗದಲ್ಲಿ ಈರಣ್ಣ ಸರ್ ಮತ್ತು ನಾನು ಪಾಲುದಾರರಾಗಿ ನಡೆಸುತ್ತಿದ್ದ ಆಡಿಟ್ ಕಚೇರಿಗೆ ಆಗ ಹದಿನೆಂಟು ವರ್ಷ ತುಂಬಿತ್ತು. ನನಗೆ ಈ ವೃತ್ತಿ ಕಲಿಸಿದವರೇ ಅವರು. ನಮ್ಮ ಅಪ್ಪ ತೀರಿಕೊಂಡಾಗ ಮೂರು ತಿಂಗಳು ನನ್ನ ಕೆಲಸವನ್ನೂ ತಾವೇ ಮಾಡಿದ್ದರು.

ಲಕ್ಷ್ಮೇಶ್ವರದ ಒಂದು ರೈತ ಕಂಪನಿಯ ಲೆಕ್ಕಪರಿಶೋಧನೆ ನಮ್ಮ ಕೈಯಲ್ಲಿತ್ತು. ಸದಸ್ಯರಿಂದ ಶೇಂಗಾ ಕೊಂಡು ಮಾರುವುದು ಅದರ ವ್ಯವಹಾರ. ತೇವ ಶೇಕಡಾ ಎಂಟನ್ನು ಮೀರಿದರೆ, ಮೀರಿದಷ್ಟು ತೂಕ ಮುರಿದುಕೊಳ್ಳುವುದು ಅಲ್ಲಿಯ ನಿಯಮ. ಸಾವಿರಾರು ಖರೀದಿ ಚೀಟಿಗಳನ್ನು ಒಂದೊಂದಾಗಿ ನೋಡಲು ಆಗುತ್ತಿರಲಿಲ್ಲವಾದ್ದರಿಂದ ಎರಡು ವರ್ಷದ ಹಿಂದೆ ಸರ್ ಒಂದು ಎಐ ತಂತ್ರಾಂಶ ತರಿಸಿದ್ದರು. ಚೀಟಿಗಳ ಮತ್ತು ತೇವಮಾಪಕದ ದಾಖಲೆಯ ಮಾಹಿತಿಯನ್ನು ಹೊಂದಿಸಿ ಅದಕ್ಕೆ ಉಣಿಸುವ ಪುಟ್ಟ ಪ್ರೋಗ್ರಾಮನ್ನು ಹುಬ್ಬಳ್ಳಿಯ ಒಬ್ಬರಿಂದ ಬರೆಸಿದ್ದರು. ಎರಡು ವರ್ಷವೂ ‘ವ್ಯತ್ಯಾಸವಿಲ್ಲ’ ಎಂದೇ ವರದಿ ಬಂತು. ಎರಡು ವರ್ಷವೂ ಸಹಿ ಮಾಡಿದವಳು ನಾನು.

ಎರಡನೆಯ ವರ್ಷದ ವಾರ್ಷಿಕ ಸಭೆಯ ಮರುದಿನ ಯಳವತ್ತಿಯ ಶಾಂತವ್ವ ಎಂಬ ಸದಸ್ಯೆ ಕಚೇರಿಗೆ ಬಂದು ಮೇಜಿನ ಮೇಲೆ ಎರಡು ಚೀಟಿ ಇಟ್ಟರು. ಒಂದು ಅವರದು: ಆರು ಕ್ವಿಂಟಲ್, ತೇವ 9.8. ಇನ್ನೊಂದು ಅವರ ಮೈದುನನದು: ಹದಿನಾಲ್ಕು ಕ್ವಿಂಟಲ್, ತೇವ 7.8.

“ಒಂದ ಹೊಲ, ಒಂದ ಕಣ, ಒಂದ ಟ್ರ್ಯಾಕ್ಟರ್‌ದಾಗ ಹೇರಿದ್ದು. ಅವನ ಶೇಂಗಾ ಒಣಾ, ನನ್ನ ಶೇಂಗಾ ಹಸಿ. ಇದ ಹ್ಯಾಂಗ್ರಿ ಅಕ್ಕಾರ?”

ಸರ್ ಅವರನ್ನು ಕೇಳಿದೆ. ಚೀಲದಿಂದ ಚೀಲಕ್ಕೆ ಫರಕು ಇರುತ್ತದೆ ಎಂದು ನಕ್ಕರು. ಎಐಯನ್ನು ಕೇಳಿದೆ. ತಾನು ಪರಿಶೀಲಿಸಿದ ಚೀಟಿಗಳೆಲ್ಲ ಸರಿ ಇವೆ ಎಂದು ಒಂದು ಪುಟ ಬರೆದುಕೊಟ್ಟಿತು. ಉಳಿದದ್ದು ಆ ಪ್ರೋಗ್ರಾಮ್. ತೆರೆದು ನೋಡಿದರೆ ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿಯಂತೆ ಒಂದೂ ತಿಳಿಯಲಿಲ್ಲ. ನಾನು ಸಹಿ ಹಾಕಿದ ವರದಿಯ ಬುಡವನ್ನು ಓದಲು ನನಗೇ ಬರುತ್ತಿರಲಿಲ್ಲ.

ನಲವತ್ತಾರನೆಯ ವಯಸ್ಸಿನಲ್ಲಿ, ದಿನಾ ಬೆಳಿಗ್ಗೆ ಅಡುಗೆಗೆ ಮೊದಲು ಕೂತು, ಪೈಥಾನ್ ಎಂಬ ಕೋಡಿಂಗ್ ಭಾಷೆ ಕಲಿಯತೊಡಗಿದೆ. ಸರ್‌ಗೆ ಹೇಳಲಿಲ್ಲ. ಅನುಮಾನದಿಂದಲ್ಲ, ನಾಚಿಕೆಯಿಂದ.

ಐದು ತಿಂಗಳ ನಂತರ ಆ ಪ್ರೋಗ್ರಾಮಿನ ಒಂದು ಸಾಲು ನನಗೆ ಅರ್ಥವಾಯಿತು. ಹತ್ತು ಕ್ವಿಂಟಲ್‌ಗಿಂತ ಕಡಿಮೆ ಇರುವ ಚೀಟಿಗಳನ್ನೆಲ್ಲ ಬಿಟ್ಟುಬಿಡು ಎಂದಿತ್ತು. ಕಂಪನಿಯಿಂದ ತೇವಮಾಪಕದ ಮೂಲ ದಾಖಲೆ ತರಿಸಿ, ನಾನೇ ಬರೆದ ಹನ್ನೆರಡು ಸಾಲಿನ ಕೋಡಿನಿಂದ ಚೀಟಿಗಳಿಗೆ ತಾಳೆ ನೋಡಿದೆ. ಸಣ್ಣ ರೈತರ ಪ್ರತಿ ಚೀಟಿಯಲ್ಲೂ ತೇವಕ್ಕೆ ಸರಿಯಾಗಿ ಎರಡು ಸೇರಿಸಲಾಗಿತ್ತು. ಎಐ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಆ ಚೀಟಿಗಳನ್ನು ಯಾರೂ ತೋರಿಸಿರಲಿಲ್ಲ.

ಪ್ರೋಗ್ರಾಮ್ ಬರೆದವರ ಕಣ್ತಪ್ಪು ಇರಬೇಕೆಂದುಕೊಂಡೆ, ಹಾಗೇ ಇರಲಿ ಎಂದು ಬಯಸಿದೆ ಕೂಡ. ಹುಬ್ಬಳ್ಳಿಗೆ ಫೋನ್ ಮಾಡಿದಾಗ ಅವರು ಸರ್ ಕಳಿಸಿದ್ದ ಮೆಸೇಜನ್ನೇ ನನಗೆ ದಾಟಿಸಿದರು. ಆ ಸಾಲು ಸೇರಿಸಲು ಹೇಳಿದವರು ಸರ್.

ಮರುದಿನ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿಟ್ಟೆ. ಸರ್ ಆ ಸಾಲನ್ನು ಓದಿದರು. ಅಲ್ಲಗಳೆಯಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

“ನೀ ಇದನ್ನ ಓದತಿ ಅಂತ ನಾ ಅನಕೊಂಡಿರಲಿಲ್ಲ ನೋಡವ್ವಾ” ಎಂದರು.

ಆ ವರದಿಗಳ ಸಹಿಯ ಜಾಗವನ್ನು ಎರಡು ವರ್ಷವೂ ನನಗೇ ಏಕೆ ಬಿಟ್ಟಿದ್ದರೆಂದು ಆಗ ತಿಳಿಯಿತು. ಹದಿನೆಂಟು ವರ್ಷ ನಾನು ವಿಶ್ವಾಸ ಎಂದುಕೊಂಡಿದ್ದರಲ್ಲಿ ಎಷ್ಟು ಖರೆ ಎಂಬುದು ಇಂದಿಗೂ ನನಗೆ ಬಗೆಹರಿದಿಲ್ಲ.

ಎರಡೂ ವರದಿಗಳನ್ನು ಹಿಂದಕ್ಕೆ ಪಡೆಯುತ್ತಿದ್ದೇನೆಂದು ಕಂಪನಿಯ ನಿರ್ದೇಶಕರಿಗೆ ಬರೆದೆ. ವಿಚಾರಣೆ ನಡೆಯಿತು. ತೇವ ಹೆಚ್ಚಿಸಿ ಬರೆದು ಮುರಿದುಕೊಂಡ ಶೇಂಗಾವನ್ನು ಕಂಪನಿಯ ಮ್ಯಾನೇಜರ್ ಮುಂಡರಗಿಯ ಒಂದು ಎಣ್ಣೆ ಗಿರಣಿಗೆ ಸಾಗಿಸುತ್ತಿದ್ದ. ಆ ಗಿರಣಿಯಲ್ಲಿ ಸರ್‌ಗೆ ಪಾಲಿತ್ತು. ಸಣ್ಣ ರೈತರಿಗೆ ಕಡಿತವಾದದ್ದು ಮರಳಿ ಸಿಕ್ಕಿತು. ನಮ್ಮ ಪಾಲುದಾರಿಕೆ ಮುರಿಯಿತು. ನಾನೂ ಲಿಖಿತ ವಿವರಣೆ ಕೊಡಬೇಕಾಯಿತು. ಕೊಟ್ಟೆ.

ಎಣಿಸುವುದನ್ನು ಇಂದು ಯಂತ್ರ ಮಾಡುತ್ತದೆ. ಯಂತ್ರಕ್ಕೆ ಏನನ್ನು ತೋರಿಸಬೇಕು, ಏನನ್ನು ಮುಚ್ಚಬೇಕು ಎಂದು ತೀರ್ಮಾನಿಸುವವನು ಮಾತ್ರ ಮನುಷ್ಯನೇ, ಮತ್ತು ಆ ತೀರ್ಮಾನ ಈಗ ಖಾತೆ ಪುಸ್ತಕದಲ್ಲಿರುವುದಿಲ್ಲ, ಕೋಡಿನಲ್ಲಿರುತ್ತದೆ. ಅದನ್ನು ಓದಲು ಬಾರದ ಲೆಕ್ಕಿಗ ಕುರುಡಾಗಿ ಸಹಿ ಹಾಕುತ್ತಾನೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ವಿಚಾರಣೆ ಮುಗಿದ ಮೇಲೆ ಯಳವತ್ತಿಗೆ ಹೋಗಿ ಶಾಂತವ್ವನ ಮುಂದೆ ಕೂತು, ನನಗೂ ಮೋಸವಾಯಿತು ಎಂದು ಹೇಳಿಕೊಂಡಿದ್ದೆ. ಅವರು ಚಹಾ ಕೊಟ್ಟು, ಸಿಟ್ಟಿಲ್ಲದೆ ಒಂದೇ ಮಾತು ಹೇಳಿದರು.

“ಇರಬಹುದ್ರಿ ಅಕ್ಕಾರ. ಆದ್ರ ನಾವು ನಂಬಿದ್ದು ನಿಮ್ಮ ಸಹಿನ್ರಿ.”