ರೈಲ್ವೆ ಗೇಟಿನ ಹಿತಕಬೇಳೆ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರಿನ ಕೆಳಗೆ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಕಾರಿನ ಇಂಜಿನ್ ಆಯಿಲಿನದು. ನಿಂಬೆ ಹೋಳಿನಿಂದ ಉಜ್ಜಿದರೂ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಚಳಿಗಾಲ ಬಂತೆಂದರೆ ಆ ಬೆರಳಿಗೆ ಅವರೆಕಾಯಿಯ ಸೊಗಡೂ ಅಂಟಿಕೊಳ್ಳುತ್ತಿತ್ತು. ಆ ಕೈಯಿಂದಲೇ ಅವಳು ನನ್ನ ಮಗಳಿಗೆ ತುತ್ತು ಕೊಡುತ್ತಿದ್ದಳು. ನಾನು ತಟ್ಟೆ ಹಿಡಿದುಕೊಂಡು ಮನೆಯೆಲ್ಲಾ ಓಡಾಡಿದರೂ ಬಾಯಿ ಬಿಡದ ಮಗಳು ಆ ಕೈ ಕಂಡರೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಸಿ.ವಿ. ರಾಮನ್ ನಗರದ ಪಕ್ಕದ ಹಳೆಯ ಊರಿನಲ್ಲಿ ನಮ್ಮ ಮನೆ. ಒಂದೇ ಅಡುಗೆಮನೆ, ಒಬ್ಬರೇ ಅತ್ತೆ, ಇಬ್ಬರು ಸೊಸೆಯರು. ತೊಂಬತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಬಂದಾಗ ಅವಳನ್ನು 'ನೀವು' ಎಂದು ಕರೆದೆ. "ಆಫೀಸಲ್ಲಿ ದಿನಾ ಮೇಡಂ ಮೇಡಂ ಅಂತ ತಲೆ ತಿಂತಾರೆ. ಮನೇಲಾದ್ರೂ ನೀನು ಅನ್ನು ಮಾರಾಯ್ತಿ," ಎಂದಳು. ನಾನು ಅಂದೆ. ಆದರೆ ಮನಸ್ಸು ಹತ್ತಿರವಾಗಲಿಲ್ಲ. ನಿಜ ಹೇಳಬೇಕೆಂದರೆ, ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ಅವಳಿಲ್ಲ. ಇಲ್ಲದವಳ ಬಗ್ಗೆ ಬರೆಯುವಾಗ ಸುಳ್ಳು ಬರೆಯಬಾರದು.

ಆ ಮನೆಯಲ್ಲಿ ಒಂದು ಕಾರಿತ್ತು. ಮಾವನವರು ಯಾರಿಂದಲೋ ಹಳೆಯದನ್ನೇ ಕೊಂಡು ತಂದು ನಿಲ್ಲಿಸಿದ್ದರಂತೆ. ಮನೆಯ ಗಂಡಸರಲ್ಲಿ ಯಾರಿಗೂ ಓಡಿಸಲು ಬರುತ್ತಿರಲಿಲ್ಲ. ಅಕ್ಕ ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವಳು. ಅವಳ ಅಪ್ಪ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಯಾವುದೋ ಬಂಗಲೆಗೆ ಡ್ರೈವರು. ಮಗಳಿಗೆ ಸೀರೆ ಉಡಿಸುವುದಕ್ಕೂ ಮೊದಲೇ ಗೇರು ಹಾಕುವುದನ್ನು ಕಲಿಸಿದ್ದರು. ಹಾಗಾಗಿ ಕಾರು ಅವಳ ಪಾಲಿಗೆ ಬಂತು. ಕಾರಿನ ಹಿಂದೆಯೇ ಮನೆಯ ಕೆಲಸಗಳೂ ಬಂದವು.

ಅವಳಿಗೆ ಕಂಟೋನ್ಮೆಂಟ್ ಕಡೆಯ ಟೆಲಿಫೋನ್ ಕಚೇರಿಯಲ್ಲಿ ಕೆಲಸ. ಜನರ ದೂರು ಬರೆದುಕೊಳ್ಳುವ ವಿಭಾಗ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಫೋನು, ಕೈಯಲ್ಲಿ ಪೆನ್ನು. ಒಬ್ಬರದು ಡೆಡ್ಡು, ಒಬ್ಬರದು ಗೊರಗೊರ ಸದ್ದು, ಇನ್ನೊಬ್ಬರಿಗೆ ಬೇರೆ ಯಾರದ್ದೋ ಕರೆ. ಅಷ್ಟು ಬೈಗುಳ ತಿಂದು ಬಂದವಳು ಮನೆಯಲ್ಲಿ ಯಾರ ಮುಖ ಸಪ್ಪಗಿದ್ದರೂ "ಏನಪ್ಪಾ ನಿನ್ ಕಂಪ್ಲೇಂಟು?" ಎಂದು ಕೇಳುತ್ತಿದ್ದಳು. ಬೆಳಿಗ್ಗೆ ಕಾರಿನ ಬಾನೆಟ್ ತಟ್ಟಿ ಅದನ್ನೂ ಹಾಗೇ ಕೇಳುತ್ತಿದ್ದಳು.

ಕಾರಿಗೆ ಕಂಪ್ಲೇಂಟುಗಳೇನೂ ಕಡಿಮೆಯಿರಲಿಲ್ಲ. ಕೀಲಿ ತಿರುಗಿಸಿದರೆ ಕೆಮ್ಮುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ಅದಕ್ಕೇ ಅವಳು ಪ್ರತಿ ಸಂಜೆ ನಮ್ಮ ಬೀದಿಯ ಇಳಿಜಾರಿನಲ್ಲಿ ಮೇಲಕ್ಕೆ ರಿವರ್ಸ್ ತಂದು, ಮೂತಿ ಕೆಳಮುಖವಾಗಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಮುರಿದ ರಾಗಿಕಲ್ಲಿನ ಅರ್ಧ ಹೋಳನ್ನು ಅಡ್ಡ ಕೊಡುತ್ತಿದ್ದಳು. ಬೆಳಿಗ್ಗೆ ಅವಳು ಒಳಗೆ ಕೂತು ಬ್ರೇಕ್ ತುಳಿದುಕೊಂಡ ಮೇಲೆ ನನ್ನ ಮಗಳು "ದೊಡ್ಡಮ್ಮಾ, ಕಲ್ ತೆಗೀಲಾ?" ಎಂದು ಕೂಗಿ, ಕಲ್ಲೆಳೆದು ಜಗಲಿಗೆ ಓಡುತ್ತಿದ್ದಳು. ಕಾರು ಇಳಿಜಾರಿನಲ್ಲಿ ಉರುಳುತ್ತಾ ಉರುಳುತ್ತಾ, ಅರಳಿಕಟ್ಟೆಯ ಹತ್ತಿರ ಒಮ್ಮೆ ಜಗ್ಗಿ, ಇಂಜಿನ್ ಹತ್ತಿಕೊಳ್ಳುತ್ತಿತ್ತು. ಬೀದಿಯವರೆಲ್ಲ ನೋಡುತ್ತಿದ್ದರು. ನಾನೂ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಇವತ್ತಾದರೂ ಹತ್ತದಿರಲಿ ಎಂದುಕೊಂಡ ದಿನಗಳು ಎಷ್ಟೋ.

ಆ ಕಾರಿನ ಹಿಂದಿನ ಸೀಟು ಅರ್ಧ ಮನೆಯಂತಿತ್ತು. ಮಿಲ್ಲಿಗೆ ಹೋಗುವ ರಾಗಿ ಡಬ್ಬ, ಇಸ್ತ್ರಿಗೆ ಕೊಡುವ ಬಟ್ಟೆಗಂಟು, ಅತ್ತೆಯ ಮಾತ್ರೆ ಚೀಟಿ, ಸೀಮೆಎಣ್ಣೆ ಕ್ಯಾನು. ಹೋಗುತ್ತಾ ಕೊಟ್ಟು ಬರುತ್ತಾ ತೆಗೆದುಕೊಳ್ಳುವುದು. ಶನಿವಾರ ರಸೆಲ್ ಮಾರುಕಟ್ಟೆಯಿಂದ ತರಕಾರಿ. ಹಾಗೆಯೇ ಶಿವಾಜಿನಗರದ ಮೆಕ್ಯಾನಿಕ್ ಭಾಯಿಯ ಹತ್ತಿರ ಕಾರಿಗೆ ಔಷಧ. ಒಮ್ಮೆ ನಾನೂ ಜೊತೆಗಿದ್ದೆ. ಭಾಯಿ ಬಾನೆಟ್ ಮುಚ್ಚಿ, "ಬುಡ್ಡಾ ಹೋಗಯಾ ಆಪಾ, ಮುದಿ ಆಗೋಯ್ತು. ಇದಕ್ಕೆ ರಿಟೈರ್ಮೆಂಟ್ ಕೊಟ್ಬಿಡಿ," ಎಂದ. ಇವಳು, "ಮೊದ್ಲು ನಂಗೆ ಕೊಡ್ಸಪ್ಪಾ, ಆಮೇಲೆ ಅದಕ್ಕೆ," ಎಂದಳು. ಗ್ಯಾರೇಜಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಎಲ್ಲಿ ಹೋದರೂ ಇವಳಿಗೆ ಒಂದು ಸಭೆ ಸಿಗುತ್ತದಲ್ಲ ಎನಿಸಿತು.

ದಾರಿಯಲ್ಲೊಂದು ರೈಲ್ವೆ ಗೇಟು. ಹಾಕಿದರೆ ಹತ್ತು ನಿಮಿಷ, ಒಮ್ಮೊಮ್ಮೆ ಇಪ್ಪತ್ತು. ಆಟೋದವರು ಶಾಪ ಹಾಕುತ್ತಿದ್ದರು, ಬಸ್ಸಿನವರು ಇಳಿದು ಬೀಡಿ ಸೇದುತ್ತಿದ್ದರು. ಅಕ್ಕನಿಗೆ ಮಾತ್ರ ಗೇಟು ಹಾಕಿದರೆ ಖುಷಿ. "ಇದೊಂದು ಹೊತ್ತು ಯಾರೂ ನನ್ನ ಎಬ್ಬಿಸಲ್ಲ ಕಣೇ," ಎನ್ನುತ್ತಿದ್ದಳು. ಸುಮ್ಮನಂತೂ ಕೂರುತ್ತಿರಲಿಲ್ಲ. ಅವರೆಕಾಯಿ ಕಾಲದಲ್ಲಿ ಪಕ್ಕದ ಸೀಟಿನ ಮೇಲೆ ನೆನೆದ ಕಾಳಿನ ಸ್ಟೀಲ್ ಬೋಗುಣಿ ಇರುತ್ತಿತ್ತು. ಗೇಟು ಹಾಕಿದ ತಕ್ಷಣ ಎರಡು ಬೆರಳಲ್ಲಿ ಕಾಳನ್ನು ಹಿತಕುವುದು. ಸಿಪ್ಪೆ ಒಂದು ಕವರಿಗೆ, ಬೇಳೆ ಒಂದು ಡಬ್ಬಿಗೆ. ಮನೆ ಸೇರುವಷ್ಟರಲ್ಲಿ ಸಾರಿಗೆ ಬೇಳೆ ಸಿದ್ಧ. ಹಿತಕಬೇಳೆ ಸಾರು, ಮುದ್ದೆ. ಅತ್ತೆಗೆ ಅದಕ್ಕಿಂತ ದೊಡ್ಡ ಊಟ ಇರಲಿಲ್ಲ.

"ನಮ್ ದೊಡ್ಡೋಳು ಕಾರ್ ಓಡುಸ್ಕೊಂಡ್ ಹೋಗಿ, ಅಲ್ಲಿ ಗೇದು, ದಾರೀಲೇ ಬೇಳೆ ಹಿತುಕ್ಕೊಂಡ್ ಬತ್ತಾಳೆ ಕಣಮ್ಮ. ಇಂಥೋರ್ನ ಎಲ್ಲಾರಾ ಕಂಡಿದ್ಯಾ?" ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರಿಗೆ ಕಾಫಿ ತಂದಿಡುತ್ತಿದ್ದವಳು ನಾನು. ಬಟ್ಟೆ ಒಗೆದವಳು, ನೆಲ ಒರೆಸಿದವಳು, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದವಳು, ಮಧ್ಯೆ ನಾಲ್ಕು ಬ್ಲೌಸು ಹೊಲಿದವಳೂ ನಾನೇ. ದಿನವಿಡೀ ಮನೆಯಲ್ಲಿ ದುಡಿದವಳ ಕೆಲಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮನೆಯಲ್ಲಿ ಏನಾದರೂ ಆದರೆ ಮೊದಲು ಬಾಯಿಗೆ ಬರುತ್ತಿದ್ದುದು 'ದೊಡ್ಡೋಳು' ಎಂಬ ಮಾತೇ. ಒಂದು ಸಲ, ಒಂದೇ ಒಂದು ಸಲ, ಮೊದಲು ನನ್ನನ್ನು ಕರೆಯಲಿ ಎಂಬುದೇ ನನ್ನ ಆಸೆಯಾಗಿತ್ತು.

"ನೀನೂ ಕಾರ್ ಕಲ್ತ್ಕೊಳೇ. ಭಾನುವಾರ ನಾನೇ ಹೇಳ್ಕೊಡ್ತೀನಿ," ಎಂದು ಅಕ್ಕ ಎಷ್ಟು ಸಲ ಕರೆದಳೋ. "ನಂಗ್ಯಾಕಕ್ಕ ಅದೆಲ್ಲಾ?" ಎನ್ನುತ್ತಿದ್ದೆ. ಅವಳಿಂದ ಕಲಿತರೆ ಅದೂ ಅವಳ ಹೆಚ್ಚುಗಾರಿಕೆಯೇ ಆಗುತ್ತದೆ ಎಂಬ ಲೆಕ್ಕ ನನ್ನದು. ಮಗಳು ಐದನೇ ತರಗತಿಯಲ್ಲಿದ್ದ ವರ್ಷ, ಬ್ಲೌಸಿಗೆ ಲೈನಿಂಗ್ ಬಟ್ಟೆ ತರುತ್ತೇನೆಂದು ಸುಳ್ಳು ಹೇಳಿ ಇಂದಿರಾನಗರದ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡೆ. ಗಂಡನಿಗೂ ಹೇಳಲಿಲ್ಲ. ಒಂದು ದಿನ ಎಲ್ಲರೆದುರು ಕೀಲಿ ತೆಗೆದುಕೊಂಡು ಹೋಗಿ ಕೂರಬೇಕು, ಅತ್ತೆ ಬಾಯಿ ಬಿಡಬೇಕು. ಆ ಚಿತ್ರವನ್ನು ಮನಸ್ಸಿನಲ್ಲೇ ಎಷ್ಟು ಸಲ ನೋಡಿದ್ದೆನೋ.

ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ನನ್ನ ಜೊತೆ ಸಾಕಾಗಿ ಹೋಗಿತ್ತು. "ಅಮ್ಮಾ, ಅದು ಹೊಲಿಗೆ ಮಿಷನ್ ಅಲ್ಲ, ಹಂಗೆ ತುಳೀಬೇಡಿ," ಎನ್ನುತ್ತಿದ್ದರು. ಒಂದು ಸಂಜೆ ಅವರು ನನ್ನ ಕೈಯಲ್ಲೇ ಆ ರೈಲ್ವೆ ಗೇಟಿನವರೆಗೂ ಕಾರು ಓಡಿಸಿದರು. ಗೇಟು ಹಾಕಿತ್ತು. ನಮ್ಮದೇ ಮುಂದಿನ ಗಾಡಿ. ತಲೆ ಎತ್ತಿದರೆ ಹಳಿಯ ಆಚೆ ಬದಿಯ ಮೊದಲ ಗಾಡಿ ಅಕ್ಕನ ಕಾರು! ಆದರೆ ಅವಳ ತಲೆಯೇ ಕಾಣುತ್ತಿರಲಿಲ್ಲ. ಸೀಟಿನ ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದಳು. ರೈಲು ಹೋಯಿತು, ಗೇಟು ತೆರೆಯಿತು, ಹಿಂದಿನವರು ಹಾರ್ನ್ ಹೊಡೆದರು. ಅವಳು ಇನ್ನೂ ಬಗ್ಗಿಯೇ ಇದ್ದಳು. ನಾನು ಅವಳ ಕಾರಿನ ಪಕ್ಕದಲ್ಲೇ ದಾಟಿ ಹೋದೆ. ದೇವರು ದೊಡ್ಡವನು, ನೋಡಲಿಲ್ಲ ಎಂದುಕೊಂಡೆ.

ಅಂದು ಸಂಜೆಯ ಸಾರು ನೀರು ನೀರಾಗಿತ್ತು. ಸೌಟು ಹಾಕಿ ತಡಕಿದರೂ ಬೇಳೆ ಸಿಗುತ್ತಿರಲಿಲ್ಲ. ಅತ್ತೆ ತಟ್ಟೆ ನೋಡಿ, "ಏನವ್ವಾ ಇದು, ಬೇಳೆ ಕೆರೆಗೆ ಈಜಕ್ಕೆ ಹೋದ್ವಾ?" ಎಂದರು.

"ಇವತ್ತು ಕಮ್ಮಿ ಆಗೋಯ್ತತ್ತೆ," ಎಂದಳು ಅಕ್ಕ.

"ನಾಳೆಯಿಂದ ಚಿಕ್ಕೋಳೇ ಸಾರ್ ಮಾಡ್ಲಿ. ಅವ್ಳ ಕೈಲಿ ಮಾಡಿದ್ ಗಟ್ಟಿಯಾಗಿರ್ತದೆ."

ಅಷ್ಟು ವರ್ಷದಲ್ಲಿ ಅತ್ತೆ ಅವಳೆದುರು ನನ್ನನ್ನು ಮೇಲಿಟ್ಟಿದ್ದು ಅದೊಂದೇ ಸಲ. ನಾನು ಎರಡು ಮುದ್ದೆ ಉಂಡೆ. ಅಕ್ಕ ತಲೆ ತಗ್ಗಿಸಿಕೊಂಡು ಮಗಳಿಗೆ ತುತ್ತು ಕಲೆಸುತ್ತಿದ್ದಳು. ಅವಳ ಮುಖ ಸಣ್ಣದಾಯಿತು ಎಂದು ನನಗೆ ಒಳಗೊಳಗೇ ಸಂತೋಷ.

ಲೈಸೆನ್ಸ್ ಬಂತು. ಬೀರುವಿನಲ್ಲಿ ಮದುವೆ ಸೀರೆಯ ಮಡಿಕೆಯಲ್ಲಿಟ್ಟೆ. ಒಳ್ಳೆಯ ದಿನಕ್ಕೆ ಕಾಯುತ್ತಾ ಒಂದು ವರ್ಷವೇ ಕಳೆಯಿತು. ಆ ದಿನ ಬಂದದ್ದು ಬೇರೆ ರೀತಿಯಲ್ಲಿ.

ಮುಂದಿನ ಚಳಿಗಾಲದ ಒಂದು ಮಧ್ಯಾಹ್ನ. ಅಕ್ಕ ರಜೆ ಹಾಕಿ ಮನೆಯಲ್ಲಿದ್ದಳು. ಕೆಲವು ತಿಂಗಳಿಂದ ಹೊಟ್ಟೆನೋವು ಎನ್ನುತ್ತಿದ್ದವಳು ಅಂದು ಒಗೆಯುವ ಕಲ್ಲಿನ ಹತ್ತಿರ ಹಾಗೇ ಕುಸಿದಳು. ಭಾವ ವಿಮಾನಪುರದ ಕಾರ್ಖಾನೆಯಲ್ಲಿ, ನನ್ನ ಗಂಡ ಊರಲ್ಲಿರಲಿಲ್ಲ, ಮಗಳು ಸ್ಕೂಲಿನಲ್ಲಿ. ಅತ್ತೆ ಬೀದಿಗೆ ಓಡಿ, "ಯಾರಾರಾ ಆಟೋ ಕರ್ಕೊಂಬನ್ನಿ!" ಎಂದು ಕೂಗಿದರು. ನಾನು ಕಂಬದ ಹಾಗೆ ನಿಂತಿದ್ದೆ. ಅಕ್ಕ ಗೋಡೆಗೊರಗಿಕೊಂಡು, ಉಸಿರು ಹಿಡಿದುಕೊಂಡು ಹೇಳಿದಳು: "ಆಟೋ ಬೇಡತ್ತೆ. ಚಿಕ್ಕೋಳು ಓಡಿಸ್ತಾಳೆ. ಹೋಗೇ, ಕೀ ತಗೋ."

ಅತ್ತೆ ಬಾಯಿ ಬಿಟ್ಟರು. ನಾನು ಕನಸಿನಲ್ಲಿ ಕಂಡಂತೆಯೇ ಬಿಟ್ಟರು. ನನಗೆ ಅದನ್ನು ನೋಡುವ ವ್ಯವಧಾನವಿರಲಿಲ್ಲ.

ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹ್ಯಾಂಡ್‌ಬ್ರೇಕ್ ಬಿಟ್ಟೆ. ಕಾರು ಉರುಳಲಿಲ್ಲ. ಕ್ಲಚ್ ತುಳಿದೆ, ಗೇರು ಅಲ್ಲಾಡಿಸಿದೆ, ಸ್ಟಿಯರಿಂಗ್ ಗುದ್ದಿದೆ. ಇಳಿಜಾರಿನಲ್ಲಿ ನಿಂತ ಕಾರು ಒಂದಿಂಚೂ ಕದಲಲಿಲ್ಲ. "ನೋಡಕ್ಕ, ಇದಕ್ಕೂ ನಾನಂದ್ರೆ ಆಗಲ್ಲ," ಎಂದು ಅಳುವುದಕ್ಕೆ ಶುರುಮಾಡಿದೆ.

ಅಕ್ಕ ಹೊಟ್ಟೆ ಹಿಡಿದುಕೊಂಡೇ ನಕ್ಕಳು. "ಕಲ್ಲು ಕಣೇ. ಕಲ್ ತೆಗೀಬೇಕು."

ದಿನವೂ ಕಿಟಕಿಯಿಂದ ನೋಡಿದ್ದೆ. ನೋಡಿದ್ದೆಲ್ಲ ಅವಳನ್ನು, ಹಾಗೂ ಅವಳ ಕಡೆಗೆ ಓಡುತ್ತಿದ್ದ ನನ್ನ ಮಗಳನ್ನು. ಕಲ್ಲನ್ನು ನೋಡಿರಲಿಲ್ಲ. ಇಳಿಯಹೋದವಳು ಅಕ್ಕನ ಮಾತಿನಂತೆ ಮತ್ತೆ ಕೂತು ಬ್ರೇಕ್ ತುಳಿದುಕೊಂಡು, ಅತ್ತೆಯ ಕೈಯಲ್ಲಿ ಕಲ್ಲು ಎಳೆಸಿದೆ. ಕಾರು ಉರುಳಿತು. ಅರಳಿಕಟ್ಟೆಯ ಹತ್ತಿರ, "ಈಗ ಬಿಡು ಕ್ಲಚ್ಚು," ಎಂದಳು. ಹತ್ತಿಕೊಂಡಿತು.

ಗೇಟು ಹಾಕಿತ್ತು. "ಆಫ್ ಮಾಡ್ಬೇಡ, ಇಲ್ಲಿ ಇಳಿಜಾರಿಲ್ಲ. ಕಾಲು ಇಟ್ಕೊಂಡೇ ಇರು," ಎಂದಳು. ಇಂಜಿನ್ ನಡುಗುತ್ತಿತ್ತು. ಹಳಿಯ ಕಡೆ ನೋಡುತ್ತಾ ಕೇಳಿದೆ: "ನಂಗೆ ಬರುತ್ತೆ ಅಂತ ನಿಂಗೆ ಹೆಂಗೊತ್ತಾಯ್ತಕ್ಕ?"

"ಹೋದ್ವರ್ಷ ಇಲ್ಲೇ ನೋಡಿದ್ನಲ್ಲ. ಎಲ್ ಬೋರ್ಡ್ ಹಾಕ್ಕೊಂಡು, ಪರೀಕ್ಷೆ ಬರೆಯೋ ಹಂಗೆ ಮುಖ ಮಾಡ್ಕೊಂಡು ಕೂತಿದ್ದೆ. ನೀನಾಗೇ ಹೇಳೋವರ್ಗೂ ನಂಗೊತ್ತಾಗ್ಬಾರ್ದು ಅಂತ ಬಗ್ಗಿಬಿಟ್ಟೆ."

"ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಕಲಿಯೋದೇ ಬಿಟ್ಬಿಡ್ತಿದ್ದೆ. ನಂಗೊತ್ತಿಲ್ವಾ ನಿನ್ನ?"

ರೈಲು ಬಂತು.

ಆಮೇಲೆ ಏಳು ತಿಂಗಳು ವಾರಕ್ಕೊಮ್ಮೆ ನಾನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಟ್ಟೆಯಲ್ಲಿ ಗಡ್ಡೆ ಎಂದಿದ್ದರು. ಒಂದು ದಿನ ವಾರ್ಡಿನಲ್ಲಿ ನಾನೇ ಧೈರ್ಯ ಮಾಡಿ, "ಏನಪ್ಪಾ ನಿನ್ ಕಂಪ್ಲೇಂಟು?" ಎಂದೆ. "ಇನ್ನೂ ಡೆಡ್ ಆಗಿಲ್ಲ, ಬರ್ಕೋ. ಬರೀ ಗೊರಗೊರ," ಎಂದಳು. ಪಕ್ಕದ ಮಂಚದವರೂ ನಕ್ಕರು. ಅಲ್ಲೂ ಅವಳಿಗೊಂದು ಸಭೆ. ಸಾಯುತ್ತಿರುವವಳ ಮೇಲೂ ನನಗೆ ಒಂದು ಗಳಿಗೆ ಕಿಚ್ಚು ಹತ್ತಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು.

ಇನ್ನೂ ಎರಡು ವರ್ಷ ಆ ಕಾರನ್ನು ನಾನು ಓಡಿಸಿದೆ. ಮಗಳು ಕಲ್ಲು ತೆಗೆಯುತ್ತಿದ್ದಳು, ಏನೂ ಮಾತಾಡದೆ. ಕಡೆಗೊಮ್ಮೆ ಇಳಿಜಾರಿನಲ್ಲೂ ಅದು ಏಳಲಿಲ್ಲ. ಶಿವಾಜಿನಗರದ ಭಾಯಿ ಬಂದು ಕಟ್ಟಿ ಎಳೆದುಕೊಂಡು ಹೋಗುವ ಮೊದಲು ಸಾಮಾನು ಏನಾದರೂ ಉಳಿದಿದೆಯೇ ಎಂದು ಮುಂದಿನ ಸೀಟುಗಳನ್ನು ಬಿಚ್ಚಿ ಎತ್ತಿದ. "ಆಪಾದು ಏನೋ ಇದೆ ನೋಡಿ," ಎಂದು ಕರೆದ.

ಅಡಿಯ ತಗಡಿನ ಸಂದಿಯಲ್ಲಿ ಹಿತಕಬೇಳೆ. ಒಂದೆರಡಲ್ಲ, ಬೊಗಸೆಗಟ್ಟಲೆ. ಒಣಗಿ ಕಂದಾಗಿ ಕಲ್ಲಿನಂತಾಗಿದ್ದವು. ಒಂದು ಕಾಳನ್ನೂ ಚೆಲ್ಲುವವಳಲ್ಲ ಅವಳು. ಗೇಟಿನ ಹತ್ತಿರ ನನ್ನನ್ನು ಕಂಡು ತಟ್ಟನೆ ಬಗ್ಗಿದಾಗ ತೊಡೆಯ ಮೇಲಿದ್ದ ಡಬ್ಬಿ ಮಗುಚಿರಬೇಕು. ಅಂದು ಸಂಜೆ ಸಾರು ನೀರಾದದ್ದು ಅದಕ್ಕೆ. ಅತ್ತೆ ಆಡಿಕೊಂಡಾಗ ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಾನು ಅವಳನ್ನು ಗೆದ್ದೆ ಎಂದುಕೊಂಡು ಎರಡು ಮುದ್ದೆ ಉಂಡಿದ್ದೆ.

ಭಾಯಿ ಪೊರಕೆ ಕೇಳಿದ. ನಾನು ಕೊಡಲಿಲ್ಲ. ಮಂಡಿಯೂರಿ ಕೂತು, ಬೆರಳಿನಿಂದ ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡೆ. ಎದ್ದಾಗ ನನ್ನ ಉಗುರಿನ ಕೆಳಗೂ ಕಪ್ಪಾಗಿತ್ತು. ಅದು ಎರಡು ದಿನದಲ್ಲಿ ಹೋಯಿತು.