ಆ ದೇಶ ಹೊಳ್ಳಿ ಸೇರುತ್ತದೆಂದು ಕಾದ ಹುಲಿಗೆಪ್ಪ

ಚಿಂಚವಾಡದ ತಗಡಿನ ಮನೆಗಳ ಪತ್ರಾ ಚಾಳಿನ ಹುಲಿಗೆಪ್ಪನಿಗೆ ಒಂದು ದೇಶ ಇತ್ತು. ಅವನು ಆ ದೇಶದವನಲ್ಲ, ಲಿಂಗಸೂರು ಕಡೆಯವನು. ಅದರ ಹೆಸರು ನೆಟ್ಟಗೆ ಹೇಳಲು ಬರುತ್ತಿರಲಿಲ್ಲ. ಅದು ಸಮುದ್ರದ ಯಾವ ಮಗ್ಗುಲಿಗಿದೆ ಎಂದೂ ಗೊತ್ತಿರಲಿಲ್ಲ. ಆದರೂ ಎರಡು ವರ್ಷ ಅವನ ಮನೆ ಅದನ್ನೇ ನಂಬಿ ನಡೆಯಿತು. ನಡೆಯಿತು ಎಂದರೆ ಸುಳ್ಳು. ನಿಂತಿತು.

ಚಾಳಿನವರೆಲ್ಲ ಅದಕ್ಕೆ "ಹುಲಿಗೆಪ್ಪನ ದೇಶ" ಎಂದೇ ಹೆಸರಿಟ್ಟಿದ್ದರು. ಪಕ್ಕದ ಮನೆಯ ರಂಗೂಬಾಯಿ ನಳದ ಕೆಳಗೆ ಕೊಡ ಇಡುತ್ತ ಹುಲಿಗೆಪ್ಪನ ಹೆಂಡತಿ ಕಲ್ಲವ್ವನನ್ನು ಮರಾಠಿಯಲ್ಲಿ ಕೇಳುವಳು, "ಕಾಯ್ ಗ, ಆಲಾ ಕಾ ತುಝಾ ದೇಶ?" ಬಂತೇನೇ ನಿನ್ನ ದೇಶ, ಅಂತ. ಕಲ್ಲವ್ವ ಹೇಳುವಳು, ಸ್ನಾನ ಮಾಡಲಿಕ್ಕೆ ಹೋಗಿದೆ, ಬರುತ್ತದೆ.

ಈ ದೇಶ ಅವನಿಗೆ ಗಂಟು ಬೀಳುವ ಮೊದಲು ಹುಲಿಗೆಪ್ಪ ಕಾತ್ರಜದಲ್ಲಿ ಹಮಾಲಿ ಮಾಡುತ್ತಿದ್ದ. ಸಾತಾರಾ ರಸ್ತೆಯ ಟ್ರಾನ್ಸ್‌ಪೋರ್ಟ್ ಗೋದಾಮುಗಳಲ್ಲಿ ಒಂದು ಟೋಳಿ ಇತ್ತು. ಎಲ್ಲ ನಮ್ಮ ಕಡೆಯ ಗಂಡಸರು, ಕೂಡಿ ಚೀಲ ಇಳಿಸುವವರು, ಬಂದದ್ದನ್ನು ಕೂಡಿ ಹಂಚಿಕೊಳ್ಳುವವರು. ಟೋಳಿಯ ಮುಖ್ಯಸ್ಥ ಕಲ್ಲವ್ವನ ತಮ್ಮ ಮಾಂತು. ಹುಲಿಗೆಪ್ಪನಿಗೆ ಅಲ್ಲಿ ದೊಡ್ಡ ಜಾಗ. ಟ್ರಕ್ಕಿನ ಮೇಲೆ ನಿಂತು ಕೆಳಗಿನವರ ಬೆನ್ನಿಗೆ ಚೀಲ ಕೂಡಿಸುವ ಕೆಲಸ. ಹೊರುವುದಿಲ್ಲ, ಓಡಾಡುವುದಿಲ್ಲ. ಮೇಲೆ ನಿಂತು "ಹೂಂ, ಮುಂದ" ಎಂದರೆ ಆಯಿತು. ಮಂತ್ರಿಗಿರಿ.

ತೊಂಬತ್ಮೂರರಲ್ಲಿ ಅವನಿಗೆ ಪಿಂಪ್ರಿಯ ಒಂದು ನೀರಿನ ಪಂಪಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಪಂಪುಗಳನ್ನು ಕಟ್ಟಿಗೆ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆಯುವುದು. ನೀಲಿ ಅಂಗಿ ಕೊಟ್ಟರು. ಅಂಗಿಯ ಮೇಲೆ ಹೆಸರು. ಅದನ್ನು ಹಾಕಿಕೊಂಡೇ ಕಾತ್ರಜಕ್ಕೆ ಹೋಗಿ ಟೋಳಿಯವರಿಗೆಲ್ಲ ತೋರಿಸಿ ಬಂದ. ಸುಮ್ಮನೆ ತೋರಿಸಿ ಬಂದಿದ್ದರೆ ಮುಗಿಯುತ್ತಿತ್ತು.

"ಮಾಂತು, ನಾ ಇನ್ನ ಈ ಧೂಳಿನಾಗ ಕಾಲಿಡಾಂವಲ್ಲ. ನೀವು ಕತ್ತೆ ಹಂಗ ಹೊರ್ರಿ" ಎಂದ.

"ಆಗಲಿ ಮಾಮಾ. ಮೊಳಿ ಬಡಿಯೂ ಮುಂದ ಬಟ್ಟು ನೋಡ್ಕೋರಿ" ಎಂದ ಮಾಂತು.

ಅಲ್ಲಿಗೆ ಇಬ್ಬರ ಮಾತು ನಿಂತಿತು. ಚಿಂಚವಾಡದಿಂದ ಕಾತ್ರಜಕ್ಕೆ ಎರಡು ಬಸ್ಸು ಬದಲಿಸಿದರೆ ಸಾಕು. ಆದರೆ ದಸರೆ ಬಂದಾಗ ಇವನು ಬನ್ನಿ ಕೊಡಲಿಕ್ಕೆ ಅಲ್ಲಿಗೆ ಹೋಗಲಿಲ್ಲ, ಅವನು ಇಲ್ಲಿಗೆ ಬರಲಿಲ್ಲ. ವರ್ಷವಿಡೀ ಜಗಳಾಡಿದವರೂ ಆ ಒಂದು ದಿನ ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಅನ್ನುತ್ತಾರೆ. ಇವರಿಬ್ಬರಿಗೆ ಬಂಗಾರ ಬೇಡವಾಗಿತ್ತು, ಅಷ್ಟು ಶ್ರೀಮಂತರು.

ಆರು ವರ್ಷ ಚೆನ್ನಾಗಿ ನಡೆಯಿತು. ತೊಂಬತ್ತೊಂಬತ್ತರಲ್ಲಿ ಆ ದೇಶ ತಂಟೆ ತೆಗೆಯಿತು.

ಫ್ಯಾಕ್ಟರಿಯ ಗುಮಾಸ್ತ ಅವಧೂತ, ಧಾರವಾಡದವನು, ಪೆಟ್ಟಿಗೆಯ ಶೆಡ್ಡಿಗೆ ಬಂದು ಎಲ್ಲರಿಗೂ ತಿಳಿಸಿ ಹೇಳಿದ. ನಮ್ಮ ಪಂಪು ಹಡಗಿನಲ್ಲಿ ಹೋಗಿ ಆ ದೇಶದಲ್ಲಿ ಇಳಿಯುತ್ತವೆ. ಅಲ್ಲಿ ಜೋಡಿಸಿ ಅಕ್ಕಪಕ್ಕದ ನಾಲ್ಕೈದು ದೇಶಗಳಿಗೆ ಮಾರುತ್ತಾರೆ. ಆ ದೇಶಗಳೆಲ್ಲ ಸೇರಿ ಒಂದು ವ್ಯಾಪಾರದ ಒಕ್ಕೂಟ ಮಾಡಿಕೊಂಡಿವೆ, ಒಬ್ಬರ ಮಾಲಿಗೆ ಇನ್ನೊಬ್ಬರು ಸುಂಕ ಹಾಕುವುದಿಲ್ಲ. ಈಗ ಈ ದೇಶ "ನಿಮ್ಮ ಹಂಗು ನನಗೆ ಬೇಡ" ಎಂದು ಎದ್ದು ಹೊರಗೆ ಬಂದಿದೆ. ಬರುತ್ತಲೇ ಉಳಿದವರು ಅದರ ಮಾಲಿಗೆ ಸುಂಕ ಜಡಿದಿದ್ದಾರೆ. ಪಂಪು ಯಾರೂ ಕೊಳ್ಳುತ್ತಿಲ್ಲ.

"ಹೊಳ್ಳಿ ಸೇರತದೇನ್ರಿ ಸಾಹೇಬ್ರ?" ಎಂದು ಕೇಳಿದ ಹುಲಿಗೆಪ್ಪ.

"ಸೇರಿದರ ಸೇರೀತು. ಇಲ್ಲಂದರ ಇಲ್ಲ" ಎಂದ ಅವಧೂತ. ಹದಿನೈದು ವರ್ಷ ಓದಿದವನು ಹೀಗೆ ಉತ್ತರ ಕೊಟ್ಟ.

ಆ ವರ್ಷ ದಸರೆಯ ದಿನ ಫ್ಯಾಕ್ಟರಿಯಲ್ಲಿ ಯಂತ್ರಗಳ ಪೂಜೆ. ಕೊನೆಯ ಮಾಲು ನೋಡಲು ಇಬ್ಬರು ಪರದೇಶದವರು ಬಂದಿದ್ದರು. ಒಬ್ಬ ಆ ದೇಶದವನು, ಇನ್ನೊಬ್ಬ ಒಕ್ಕೂಟದಲ್ಲೇ ಉಳಿದ ಪಕ್ಕದ ದೇಶದವನು. ಮಾಲಕರು ಇಬ್ಬರ ಹಣೆಗೂ ಕುಂಕುಮ ಹಚ್ಚಿಸಿ ಪೇಢೆ ಕೊಟ್ಟರು. ಹುಲಿಗೆಪ್ಪನಿಗೆ ಅಷ್ಟು ಸಾಕಾಯಿತು. ತಂದಿದ್ದ ಬನ್ನಿ ಎಲೆ ಹಿಡಿದು ನೆಟ್ಟಗೆ ಮುಂದೆ ಹೋದ. ಇಬ್ಬರ ಕೈಗೂ ಎಲೆ ಹಾಕಿದ. ಅವರ ಕೈ ಹಿಡಿದು ಒಂದರ ಮೇಲೊಂದು ಇಟ್ಟ.

"ನೀವು ನೀವು ಬಂಗಾರದಂಗ ಇರ್ರೆಪಾ" ಎಂದ.

ಅವರು ನಕ್ಕರು. ಮಾಲಕರೂ ನಕ್ಕರು. ಒಬ್ಬ ಎಲೆಯನ್ನು ಜೇಬಿಗೆ ಹಾಕಿಕೊಂಡ. ಆ ದೇಶದವನು ಬಾಯಿಗೆ ಹಾಕಿಕೊಂಡು ಅಗಿದ, ಪೇಢೆಯ ಹಿಂದೆ ಬಂದದ್ದೆಲ್ಲ ಪ್ರಸಾದ ಅಂದುಕೊಂಡಿರಬೇಕು.

ದೀಪಾವಳಿಗೆ ಪೆಟ್ಟಿಗೆಯ ಶೆಡ್ಡು ಮುಚ್ಚಿತು. ಆ ದೇಶ ಒಕ್ಕೂಟ ಸೇರಿದರೆ ಕರೆಯುತ್ತೇವೆ ಎಂದು ಎಲ್ಲರನ್ನೂ ಮನೆಗೆ ಕಳಿಸಿದರು. ಉಳಿದವರು ಎಂಟು ದಿನದಲ್ಲಿ ಬೇರೆ ಬೇರೆ ಕೆಲಸಕ್ಕೆ ಬಿದ್ದರು. ಹುಲಿಗೆಪ್ಪ ಮಾತ್ರ ನೀಲಿ ಅಂಗಿ ಒಗೆಸಿ ಮಡಿಕೆ ಮಾಡಿಸಿ ಇಟ್ಟ.

"ಬನ್ನಿ ತಗೊಂಡಾರ, ಕಲ್ಲೀ. ಕೈ ಮ್ಯಾಲ ಕೈ ಇಟ್ಟಾರ. ಬನ್ನಿ ತಗೊಂಡ ಕೈ ಮುಂದಿನ ದಸರಿ ತನಕ ಮಾತು ಬಿಟ್ಟಿರಾಕ ಬರತದೇನು?"

"ಒಬ್ಬಾಂವ ತಿಂದನಂತಲ್ರಿ."

"ತಿಂದ್ರ ಇನ್ನೂ ಚಲೋ. ಹೊಟ್ಟ್ಯಾಗ ಹೋತು."

ಇಂಥವನಿಗೆ ಏನು ಹೇಳುವುದು? ಕಲ್ಲವ್ವ ಪ್ರಾಧಿಕರಣ ಬಡಾವಣೆಯ ಕಡೆ ನಾಲ್ಕು ಮನೆಯ ಭಾಂಡೆ ತಿಕ್ಕುವ ಕೆಲಸ ಹಿಡಿದಳು. ಮಗಳು ಮಾಧುರಿಯ ಶಾಲೆ ಬಿಡಿಸಬಾರದೆಂದು ಒಂದು ಹೊತ್ತು ಉಂಡಳು. ಗಂಡ ದಿನಾ ಕ್ಷೌರದ ಅಂಗಡಿಗೆ ಹೋಗಿ ಪೇಪರು ಓದಿಸಿ ಕೇಳಿ ಬರುವನು. ಪೇಪರಿನವರಿಗೆ ಬುದ್ಧಿ ಇರಲಿಲ್ಲ. ಕ್ರಿಕೆಟ್ಟು, ಸಿನೆಮಾ, ಬೋಫೋರ್ಸು, ಬೇಡವಾದದ್ದೆಲ್ಲ ಬರೆಯುವರು. ಹುಲಿಗೆಪ್ಪನ ದೇಶದ ಸುದ್ದಿ ಒಂದು ಸಾಲು ಇಲ್ಲ.

ಮುಂದಿನ ದಸರೆ ಬಂತು. ದೇಶ ಬರಲಿಲ್ಲ. "ಅವರ ಕಡೆ ದಸರಿ ತಡಾ ಬರತಿರಬೇಕು" ಎಂದ.

ಆಗ ಕಲ್ಲವ್ವ ಅವನಿಗೆ ಹೇಳದೆ ಕಾತ್ರಜಕ್ಕೆ ಹೋದಳು. ಮಾಂತು ಚಹಾ ತರಿಸಿದ, ಅಕ್ಕನ ಮುಖ ನೋಡಿ ಬನ್ ಪಾವ್ ತರಿಸಿದ.

"ಅವರನ್ನ ಹೊಳ್ಳಿ ತಗೋತೀಯೇನೋ?"

"ಬರಲೇಳು ಅಕ್ಕ. ನಮ್ಮ ಮಾಮಾ, ಬ್ಯಾಡನ್ನಲೇನು? ಆದರ ಟೋಳಿ ರೀತಿ ನಿನಗ ಗೊತ್ತದ. ಬಿಟ್ಟು ಹೋಗಿ ಬಂದಾಂವ ಹೊಸಬ. ಸಾಲಿನ ಕಡೀಗೆ ನಿಂತು ಚೀಲ ಹೊರಬೇಕು. ಮ್ಯಾಲಿನ ಜಾಗಾ ಕೊಟ್ಟರ ಉಳಿದವರು ನನ್ನ ಕೊಳ್ಳಪಟ್ಟಿ ಹಿಡೀತಾರ."

ಮನೆಗೆ ಬಂದು ಹೇಳಿದಳು. ಹುಲಿಗೆಪ್ಪ ಎದ್ದು ನಿಂತ.

"ನಾ? ಸಾಲಿನ ಕಡೀಗೆ? ಆ ಹುಡುಗೂರಿಗೆ ಚೀಲ ಹ್ಯಾಂಗ ಹಿಡೀಬೇಕಂತ ಕಲಿಸಿದಾಂವ ನಾನು! ನನ್ನ ಜಾಗಾ ನನಗ ಕೊಟ್ಟು, ಅವನ ಬಂದು ಕರೀಲಿ. ಆಗ ಬೇಕಾದರ ವಿಚಾರ ಮಾಡ್ತೀನಿ."

"ವಿಚಾರ ಮಾಡ್ರಿ. ಅಲ್ಲಿತನಕ ರೊಟ್ಟಿ ತಿನ್ರಿ, ನಾಲ್ಕ ಮನಿ ಭಾಂಡೆದಾವು" ಎಂದಳು ಕಲ್ಲವ್ವ.

ಅವನು ತಿನ್ನಲಿಲ್ಲ. ರಾತ್ರಿ ಹಸಿವಾಗಿ ತಿಂದ.

ಮತ್ತೆ ಒಂದು ವರ್ಷ. ಹುಲಿಗೆಪ್ಪ ವಾರಕ್ಕೊಮ್ಮೆ ನೀಲಿ ಅಂಗಿ ಹಾಕಿಕೊಂಡು ಫ್ಯಾಕ್ಟರಿಯ ಗೇಟಿಗೆ ಹೋಗಿ ಅವಧೂತ ಹೊರಬರುವುದನ್ನು ಕಾಯುವನು. ಇವನನ್ನು ಕಂಡರೆ ಅವಧೂತ ಸ್ಕೂಟರಿನ ವೇಗ ಹೆಚ್ಚಿಸುವನು. ಒಂದು ದಿನ ಸ್ಕೂಟರು ಚಾಲೂ ಆಗಲಿಲ್ಲ. ಸಿಕ್ಕಿಬಿದ್ದ. ಒದ್ದು ಒದ್ದು ಸುಸ್ತಾಗಿ, ತನಗೆ ಗೊತ್ತಿದ್ದದ್ದನ್ನು ಹೇಳಿದ.

ಅಂದು ಹುಲಿಗೆಪ್ಪ ಮನೆಗೆ ಬಂದದ್ದೇ ಚಪ್ಪಲಿ ಕಳೆಯದೆ ಬೈಯಲು ಶುರು ಮಾಡಿದ. ಕಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು.

"ಎಂಥಾ ಸೊಕ್ಕಿನ ದೇಶ ನೋಡ ಕಲ್ಲೀ! ಒಕ್ಕೂಟದವರು ಬಾ ಅಂದಾರಂತ. ಬಾಗಿಲಾ ತೆರದಾರಂತ. ಹೊಸಬರ ಸಾಲಿನಾಗ ನಿಂದರು, ಹಂತ ಹಂತವಾಗಿ ಮುಂದ ಬಾ ಅಂದಾರ. ಇದಕ್ಕ ಅದು ಬ್ಯಾಡಂತ! ಮೊದಲಿನ ಜಾಗಾನ ಬೇಕಂತ! ಅವರ ಬಂದು ಕರೀಬೇಕಂತ! ಅಲ್ಲ, ಬಿಟ್ಟು ಹೋದಾಂವ ನೀನು, ಈಗ ಮಾನಾ ಮರ್ಯಾದಿ ನಿನಗ ಬೇಕೇನು? ನಿನ್ನ ನಂಬಿದವರು ಇಲ್ಲಿ ಉಪವಾಸ ಬಿದ್ದಾರ, ಅದರ ಖಬರು ಬ್ಯಾಡೇನು?"

ಕಲ್ಲವ್ವ ರೊಟ್ಟಿ ಬಡಿಯುವುದು ನಿಲ್ಲಿಸಿದಳು. ಅವನನ್ನು ನೋಡಿದಳು. ಅವನು ಇನ್ನೊಂದಿಷ್ಟು ಬೈದ. ಅವಳು ನೋಡುತ್ತಲೇ ಇದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

"ಯಾಕ, ಹಂಗ್ಯಾಕ ನೋಡ್ತಿ?"

"ಏನಿಲ್ಲ. ಬೈರಿ. ಚಲೋ ಬೈತೀರಿ."

ಆಮೇಲೆ ಅವನು ಬೈಯಲಿಲ್ಲ. ಚಪ್ಪಲಿ ಕಳೆದು ಗೋಡೆಗೆ ಮುಖ ಮಾಡಿ ಮಲಗಿದ. ಕರಕು ರೊಟ್ಟಿಯನ್ನು ಕಲ್ಲವ್ವ ತಾನೇ ತಿಂದಳು. ಅಷ್ಟು ರುಚಿಯ ರೊಟ್ಟಿ ಆ ಎರಡು ವರ್ಷದಲ್ಲಿ ತಿಂದಿರಲಿಲ್ಲ.

ಬೆಳಗ್ಗೆ ಎದ್ದಾಗ ಗಂಡ ಇರಲಿಲ್ಲ. ನೀಲಿ ಅಂಗಿ ಗೂಟದ ಮೇಲೇ ಇತ್ತು.

ಕಾತ್ರಜದಲ್ಲಿ ಏನಾಯಿತು ಎಂದು ಮಾಂತು ಆಮೇಲೆ ಹೇಳಿದ. ದಸರೆ ಇಲ್ಲ, ಹಬ್ಬ ಇಲ್ಲ, ಸುಮ್ಮನೆ ಒಂದು ಸೋಮವಾರ. ಸೋಲಾಪುರದ ತೊಗರಿ ಬಂದಿತ್ತು. ಹುಲಿಗೆಪ್ಪ ಬಂದ, ಯಾರನ್ನೂ ಮಾತಾಡಿಸಲಿಲ್ಲ. ತಲೆಗೆ ಟವೆಲ್ಲು ಸುತ್ತಿಕೊಂಡು ಸಾಲಿನ ತುದಿಯಲ್ಲಿ ನಿಂತ. ಟ್ರಕ್ಕಿನ ಮೇಲಿದ್ದವನು ಇವನಿಂದಲೇ ಕಲಿತವನು. ಇವನ ಬೆನ್ನಿಗೆ ಚೀಲ ಕೂಡಿಸಲು ಹೆದರಿ ಮಾಂತುವಿನ ಮುಖ ನೋಡಿದ.

"ಕೂಡಸಲೇ. ನೆಟ್ಟಗ ಕೂಡಸು, ಸೊಟ್ಟ ಕೂಡಿಸಿದರ ಕೆಳಗಿನಾಂವನ ನಡ ಹೋಗತದ. ಎಷ್ಟು ಸಲ ಹೇಳೀನಿ?" ಎಂದನಂತೆ ಹುಲಿಗೆಪ್ಪ, ಬಗ್ಗಿಕೊಂಡೇ. ಟೋಳಿಯೆಲ್ಲ ನಕ್ಕಿತು. ಅವನೂ ನಕ್ಕನಂತೆ. ಅದನ್ನು ಕಲ್ಲವ್ವ ನಂಬಲಿಲ್ಲ.

ಸಂಜೆ ಬಂದವನ ಬೆನ್ನು ಬಾತುಕೊಂಡಿತ್ತು. ಕಲ್ಲವ್ವ ಉಪ್ಪಿನ ಶಾಖ ಕೊಟ್ಟಳು. ಅವನು ಬೋರಲು ಬಿದ್ದು ನೆಲದ ಕಡೆ ಮಾತಾಡಿದ.

"ಆ ದೇಶ ಸೇರೂದಿಲ್ಲ ಬಿಡ."

"ಯಾಕ್ರಿ?"

"ಸುಮ್ಮ ಕುಂತು ನೋಡಾಕ ಅದಕ್ಕ ಹೆಂಡ್ತಿ ಎಲ್ಲಿ ಅದಾಳ?"

ನಾಲ್ಕು ವರ್ಷ ಹೊತ್ತ. ಮೇಲಿನ ಜಾಗಕ್ಕೆ ಬಾ ಎಂದು ಮಾಂತು ಕರೆದಾಗ ಹೋಗಲಿಲ್ಲ. ಸೊಕ್ಕು ಪೂರ್ತಿ ಇಳಿದಿರಲಿಲ್ಲ, ಹಾದಿ ಬದಲಿಸಿತ್ತು ಅಷ್ಟೆ. ಎರಡು ಸಾವಿರದ ಐದರ ಮಳೆಗಾಲದಲ್ಲಿ ಒಂದು ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಳಿತ. ಬಸ್ಸು ಬಂತು. ಅವನು ಏಳಲಿಲ್ಲ.

ದಿನಕರ್ಮ ಕಳೆದ ಮೇಲೆ ಅವಧೂತ ಕಲ್ಲವ್ವನನ್ನು ಮಾತಾಡಿಸಲು ಬಂದ. ಕುರ್ಚಿ ಇರಲಿಲ್ಲ, ಟ್ರಂಕಿನ ಮೇಲೆ ಕುಳಿತ. ಚಹಾ ಆರುವ ತನಕ ಲೋಟ ತಿರುಗಿಸಿದ.

"ಹುಲಿಗೆಪ್ಪ ಇದ್ದಿದ್ದರ ಖುಷಿ ಪಡತಿದ್ದ ನೋಡವಾ. ಆ ದೇಶ ಮತ್ತ ಒಕ್ಕೂಟದವರ ಕೂಡ ಮಾತುಕತಿ ನಡಿಸೇದಂತ. ಈ ಸಲ ಸೇರಿದರೂ ಸೇರೀತು."

"ಸೇರಲಿ ಬಿಡ್ರಿ" ಎಂದಳು ಕಲ್ಲವ್ವ. "ಅದು ಹೊಳ್ಳಿ ಬಂತಂದರ ಇವರೂ ಬರತಾರೇನ್ರಿ?"

ಅವಧೂತ ಆರಿದ ಚಹಾ ಒಂದೇ ಗುಟುಕಿಗೆ ಕುಡಿದು ಹೋದ.