ವಿಭೂತಿ ಹಚ್ಚಿದ ಗ್ರಾಫೀನ್

ನಮ್ಮ ಮನೆಗೆ ಹೊಸ ವಸ್ತು ಏನೇ ಬರಲಿ, ಅವ್ವ ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆಯದೆ ಬಿಡುವುದಿಲ್ಲ. ಮಿಕ್ಸರಿಗೆ ಹಚ್ಚಿದಳು, ನನ್ನ ಮೊಬೈಲಿಗೆ ಹಚ್ಚಿದಳು, ಔಷಧಿ ಹೊಡೆಯುವ ಬ್ಯಾಟರಿ ಪಂಪಿಗೂ ಹಚ್ಚಿದಳು. ಯಾವುದೂ ಕೆಡಲಿಲ್ಲ. ನೀವು ಹೊಸ ಗಾಡಿಯಲ್ಲಿ ಬಂದರೆ ಸ್ವಲ್ಪ ದೂರ ನಿಲ್ಲಿಸಿರಿ, ಇಷ್ಟೇ ನಾನು ಹೇಳುವುದು.

ಹೋದ ಹಂಗಾಮಿನಲ್ಲಿ ನಮ್ಮ ಹೊಲದ ಹೊಂಡದ ದಂಡೆಯ ಮೇಲೆ ಯಾರೋ ಕಡಲೆಗೆ ಹೊಡೆಯುವ ಔಷಧಿಯ ಡಬ್ಬಿ ಉರುಳಿಸಿ ಹೋಗಿದ್ದರು. ಅದರಲ್ಲಿದ್ದದ್ದು ನೀರಿಗೆ ಬಿದ್ದಿತೋ ಮಣ್ಣಿಗೆ ಬಿದ್ದಿತೋ ಗೊತ್ತಿಲ್ಲ. ನಮ್ಮ ಎಮ್ಮೆ, ಬಾಜು ಹೊಲದ ಬಸಪ್ಪ ಕಾಕಾನ ಎತ್ತು, ಎಲ್ಲವೂ ಕುಡಿಯುವುದು ಅದೇ ನೀರು. ಧಾರವಾಡದ ಕಾಲೇಜಿನಲ್ಲಿ ಸಂಶೋಧನೆ ಮಾಡುವ ನಮ್ಮ ಚಿಕ್ಕಪ್ಪನ ಮಗಳು ಶಾಂತಕ್ಕನಿಗೆ ಫೋನ್ ಮಾಡಿದೆ. ಮರುದಿನ ಮುಂಜಾನೆಯ ಬಸ್ಸಿಗೆ ನಮ್ಮೂರು ಮೊರಬಕ್ಕೆ ಬಂದಳು. ಜೊತೆಗೆ ಅಂಗೈಯಷ್ಟು ಮಷೀನು, ಬೆರಳುದ್ದದ ನಾಲ್ಕಾರು ಕರಿ ಪಟ್ಟಿ.

ಆ ಕರಿ ಗ್ರಾಫೀನ್ ಅಂತೆ. ಪೆನ್ಸಿಲ್ ಕಡ್ಡಿಯ ಕರಿಯನ್ನು ಪದರು ಪದರಾಗಿ ಬಿಡಿಸುತ್ತ ಹೋದರೆ ಕೊನೆಗೆ ಉಳಿಯುವ ಒಂದೇ ಪದರು. ಕರೆಂಟು ಅದರಲ್ಲಿ ಸರಾಗವಾಗಿ ಹರಿಯುತ್ತದೆ. ಆದರೆ ಅದೊಂದಕ್ಕೇ ಯಾವ ಔಷಧಿ ಅಂಟಿತೆಂದು ಗುರುತು ಹತ್ತುವುದಿಲ್ಲ; ಅದಕ್ಕೇ ಇನ್ನೊಂದು ವಸ್ತು ಬೆರೆಸಿ ಹೈಬ್ರಿಡ್ ಮಾಡುತ್ತಾರೆ. ಔಷಧಿ ಅಂಟಿದರೆ ಕರೆಂಟು ಬದಲಾಗುತ್ತದೆ, ಮಷೀನು ಹೇಳುತ್ತದೆ. ಇಂಥದೇ ಬೆರಕೆಯನ್ನು ಬ್ಯಾಟರಿಯೊಳಗೆ ಹಾಕಿದರೆ ಚಾರ್ಜು ಬೇಗ ಏರುತ್ತದಂತೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು; ಹೈಬ್ರಿಡ್ ಎಂದರೆ ಹತ್ತಿಬೀಜ ಎಂದುಕೊಂಡಿದ್ದೆ.

ನಾವು ಹೊಂಡದ ನೀರು ತರುವಷ್ಟರಲ್ಲಿ ಅವ್ವ ಪಟ್ಟಿಗಳನ್ನು ದೇವರ ಮುಂದೆ ಸಾಲಾಗಿ ಇಟ್ಟು, ಒಂದನ್ನೂ ಬಿಡದೆ ವಿಭೂತಿ ಹಚ್ಚಿದ್ದಳು.

“ದೊಡ್ಡವ್ವ, ನನ್ನ ಹಣಿಗೆ ಹಚ್ಚಬೇಕಿತ್ತು ನೀ,” ಎಂದಳು ಶಾಂತಕ್ಕ. “ಬೂದಿ ಕುಂತ ಮ್ಯಾಲೆ ಇದಕ್ಕ ಏನೂ ತಿಳಿಯೂದಿಲ್ಲ.”

“ಭಾಳ ಹಚ್ಚಿಲ್ಲ ತಂಗಿ.”

ಶಾಂತಕ್ಕ ಪಟ್ಟಿ ಒರೆಸಿ ನೋಡಿದಳು. ಮಷೀನು ಹೊಂಡದ ನೀರಿಗೆ ವಿಷ ಎಂದಿತು. ಊರ ಫಿಲ್ಟರ್ ನೀರಿಗೂ ವಿಷ ಎಂದಿತು.

“ಹಂಗಾರ ಎರಡೂ ಒಂದ. ಎಮ್ಮಿ ಬಿಡ್ಲೇನ?” ಎಂದಳು ಅವ್ವ.

ಶಾಂತಕ್ಕ ಬೇಡವೆಂದು ಹೇಳಿ, ಬಾಟಲಿಯಲ್ಲಿ ಹೊಂಡದ ನೀರು ತುಂಬಿಕೊಂಡು ಬಸ್ಸು ಹತ್ತಿದಳು. ಸಂಜೆಯೊಳಗೆ ಊರೆಲ್ಲ ನಕ್ಕಾಗಿತ್ತು.

ಮರುದಿನ ಅವಳ ಫೋನ್ ಬಂತು. “ಹೊಸಾ ಪಟ್ಟಿ ಮ್ಯಾಲೆ ನೋಡಿದ್ನಿ. ಔಷಧಿ ಐತಿ. ಯಾವ ದನಾನೂ ಬಿಡಬ್ಯಾಡ್ರಿ.”

ನಾನು, ಅವ್ವ ದಾರಿಗೆ ಅಡ್ಡ ಹಚ್ಚಲು ಜಾಲಿಮುಳ್ಳು ತೆಗೆದುಕೊಂಡು ಹೊಂಡಕ್ಕೆ ಓಡಿದೆವು. ಬಸಪ್ಪ ಕಾಕಾ ಆಗಲೇ ಎತ್ತು ಹೊಡೆದುಕೊಂಡು ಬರುತ್ತಿದ್ದ.

“ಏನ ಗಂಗವ್ವ, ನಿಮ್ಮ ಮಷೀನು ಫಿಲ್ಟರ್ ನೀರಿಗೂ ವಿಷ ಅಂತಂತಲ್ಲ? ನಾಳೆ ಚಹಾಕ್ಕೂ ಅಂತೈತಿ. ಸರಿ ಆ ಕಡೆ.”

ನೀರಿನ ವಾಸನೆಗೆ ಎತ್ತು ಹಗ್ಗ ಜಗ್ಗುತ್ತಿದ್ದವು. ಅವ್ವ ದಾರಿ ಬಿಡಲಿಲ್ಲ.

“ಮಷೀನಿಂದೇನೂ ತಪ್ಪಿಲ್ರಿ. ವಿಭೂತಿ ಹಚ್ಚಿ ನಾನ ಕೆಡಿಸಿದ್ನಿ.”

ವಿಭೂತಿಯಿಂದ ಏನಾದರೂ ಕೆಟ್ಟಿತು ಎಂದು ಅವ್ವ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಾಕಾನೂ ಕೇಳಿರಲಿಕ್ಕಿಲ್ಲ. ಹಗ್ಗ ಎಳೆದು ಎತ್ತುಗಳನ್ನು ಹಿಂದಕ್ಕೆ ತಿರುಗಿಸಿದ.

“ನಿಮ್ಮ ಮನ್ಯಾಗ ನೀರು ತುಂಬೀರೇನವಾ, ಇವಕ್ಕ?”